ಕ್ಯಾಬಿನಕ್ಕನೂ ಬೆಳಕು ಬಾರದ ಗೇಟೂ

ಕ್ಯಾಬಿನಕ್ಕ ಸಿನಿಮಾ ತೋರಿಸುವ ಕೆಲಸ ಹಿಡಿದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಸಿನಿಮಾ ನೋಡಿದ್ದು ಕಡಿಮೆ. ಸಿನಿಮಾ ನೋಡುವವರ ತಲೆಗಳನ್ನು ನೋಡಿದ್ದೇ ಹೆಚ್ಚು. ಬಾಲ್ಕನಿಯ ಹಿಂದೆ ಹನ್ನೊಂದು ಮೆಟ್ಟಿಲು ಹತ್ತಿದರೆ ಸಿಗುವ ಆ ಕ್ಯಾಬಿನ್ನಿನ ಗೋಡೆಯಲ್ಲಿ ಎರಡು ಕಿಂಡಿಗಳಿದ್ದವು. ಒಂದರಿಂದ ಯಂತ್ರದ ಬೆಳಕು ಹೊರಗೆ ಹೋಗುತ್ತಿತ್ತು, ಇನ್ನೊಂದರಿಂದ ಅವಳ ಕಣ್ಣು. ಅವಳ ಅಪ್ಪನೂ ಅಲ್ಲೇ ಆಪರೇಟರ್ ಆಗಿದ್ದವನು. ರೀಲುಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ ಕಾಲದಲ್ಲಿ ಅವನು ಮಗಳಿಗೆ ಹೇಳಿಕೊಟ್ಟ ಮೊದಲ ಪಾಠ ಇಷ್ಟೇ: "ಪರದೆ ನೋಡ್ಬೇಡ ಮಗಳೇ. ಪರದೆ ಕೆಟ್ರೆ ಜನಾನೇ ಕೂಗಿ ಹೇಳ್ತಾರೆ. ನೀನು ತಲೆ ನೋಡು."

ಅನುಮಾನ ಅವಳ ಹುಟ್ಟುಗುಣ. ಹಾಲಿನ ಪ್ಯಾಕೆಟ್ಟನ್ನು ಮೂಸದೆ ಕತ್ತರಿಸಿದವಳಲ್ಲ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಎಳೆದು ನೋಡುವವಳು. ಯಾರಾದರೂ "ಚೆನ್ನಾಗಿದ್ದೀರಾ?" ಎಂದು ನಕ್ಕರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂಬ ಲೆಕ್ಕ ಒಳಗೇ ಶುರು. ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಆ ಕೆಲಸಕ್ಕೆ ಅನುಮಾನ ಬೇಕು ಅಂತ ಲೋಕ ಅಂದುಕೊಂಡಿದ್ದರೂ ಅವನು ಮಾತ್ರ ಎಲ್ಲರನ್ನೂ ನಂಬುವ ಆಸಾಮಿ. "ನನ್ನ ಹೆಂಡ್ತಿ ಇದ್ದಾಳಲ್ಲ, ಸೂರ್ಯ ಹುಟ್ಟಿದ್ರೂ ಕಿಟಕಿ ತೆಗೆದು ಹೌದಾ ಅಂತ ಒಂದ್ಸಲ ಅವನನ್ನೇ ಕೇಳ್ತಾಳೆ" ಎಂದು ಡಿಪೋದಲ್ಲಿ ಎಲ್ಲರನ್ನೂ ನಗಿಸುತ್ತಿದ್ದ.

ಆ ವರ್ಷ ಅವಳ ಅನುಮಾನಕ್ಕೆ ಎರಡು ಕಡೆಯಿಂದ ಮೇವು ಸಿಕ್ಕಿತು.

ಮೊದಲನೆಯದು ಗೋಡೆ. ದೊಡ್ಡದೊಂದು ದೆವ್ವದ ಸಿನಿಮಾ ಬರುತ್ತದೆ, ಅದರ ಸದ್ದು ಸುತ್ತಲಿಂದ ಬರಬೇಕು ಎಂದು ಮ್ಯಾನೇಜರ್ ಎರಡೂ ಪಕ್ಕದ ಗೋಡೆಗಳಿಗೆ ಹೊಸ ಸ್ಪೀಕರುಗಳನ್ನು ಹಾಕಿಸಿದ್ದ. ಅವುಗಳ ವೈರು ಕಾಣದ ಹಾಗೆ ಮರದ ಹಲಗೆ, ಹಲಗೆಯ ಮೇಲೆ ಕಡುಗೆಂಪು ಬಟ್ಟೆ. ಕೆಲಸ ಮಾಡಿದವನು ಮ್ಯಾನೇಜರನ ಭಾಮೈದ. ಮೂರು ದಿನದ ಕೆಲಸವನ್ನು ಒಂದೂವರೆ ದಿನದಲ್ಲಿ ಮುಗಿಸಿ, ಉಳಿದ ವೈರಿನ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ವೈರು ಅಷ್ಟು ಉಳಿದದ್ದೇ ಕ್ಯಾಬಿನಕ್ಕನಿಗೆ ಸರಿ ಕಾಣಲಿಲ್ಲ. ಆಟ ಮುಗಿದ ಮೇಲೆ ಕೆಳಗಿಳಿದು ಎಡಗೋಡೆಗೆ ಅಂಗೈ ಇಟ್ಟಳು. ಬಿಸಿ. ಬಲಗೋಡೆಗೆ ಇಟ್ಟಳು. ತಂಪು.

"ಇನ್ನೂರು ಜನ ಕೂತು ಉಸಿರು ಬಿಟ್ರೆ ಗೋಡೆ ಬಿಸಿಯಾಗಲ್ವಾ?" ಎಂದ ಮ್ಯಾನೇಜರ್.

"ಬಲಗಡೆ ಕೂತವರು ಉಸಿರಾಡಲ್ವಾ ಸಾರ್?"

ಅವನು ಗಡಿಯಾರ ನೋಡಿಕೊಂಡ. ಅವಳು ಕ್ಯಾಬಿನ್ನಿನ ದಿನಚರಿ ಪುಸ್ತಕದಲ್ಲಿ "ಎಡಗೋಡೆ ಬಿಸಿ, ತಿಳಿಸಲಾಗಿದೆ" ಎಂದು ಬರೆದು, ಬೇರೆ ನಾಲ್ಕು ಸಾಲುಗಳ ಜೊತೆ ಅವನ ಮುಂದೆ ಹಿಡಿದಳು. ಅವನು ಓದದೆ ಸಹಿ ಹಾಕಿದ.

ಎರಡನೆಯ ಅನುಮಾನ ಆ ಸಿನಿಮಾದ್ದೇ. ಅದನ್ನು ತೆಗೆದ ಕಂಪನಿ ಹಳೆಯದು. ಅವರ ಲೋಗೋ ನೋಡದೆ ದೊಡ್ಡವರಾದವರು ಆ ಊರಿನಲ್ಲಿ ಇರಲಿಕ್ಕಿಲ್ಲ: ಕತ್ತಲಲ್ಲಿ ಒಂದು ಕಬ್ಬಿಣದ ಗೇಟು, ಒಂದು ಕೈ ಬಂದು ಚಿಲಕ ಎತ್ತುತ್ತದೆ, ಗೇಟು ತೆರೆಯುತ್ತಿದ್ದಂತೆ ಒಳಗಿಂದ ಹಳದಿ ಬೆಳಕು ಚೆಲ್ಲುತ್ತದೆ, ಜೊತೆಗೆ ಐದು ಸಲ ಗಂಟೆಯ ನಾದ. ಐದನೆಯ ಗಂಟೆಗೆ ಕಂಪನಿಯ ಹೆಸರು ಮೂಡುತ್ತದೆ. ಆ ಹದಿನಾಲ್ಕು ಸೆಕೆಂಡು ಯಾರೂ ಪರದೆ ನೋಡುವುದಿಲ್ಲ ಎಂಬುದು ಕ್ಯಾಬಿನಕ್ಕನಿಗೆ ಗೊತ್ತಿತ್ತು. ಆಗಲೇ ಜನ ಸೀಟು ಹುಡುಕುವುದು, ಪೊಟ್ಟಣ ಬಿಚ್ಚುವುದು, ಫೋನು ಆರಿಸುವುದು, "ಸ್ವಲ್ಪ ಆಕಡೆ ಸರೀರಿ" ಅನ್ನುವುದು. ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿನಂತೆ ಅದು. ಒಳಗೆ ಇನ್ನೂ ಏನೂ ಶುರುವಾಗಿಲ್ಲ ಎಂಬ ನೆಮ್ಮದಿ.

ಸಿನಿಮಾದ ಫೈಲು ಬಂದದ್ದು ಬಿಡುಗಡೆಯ ಶುಕ್ರವಾರ ಬೆಳಿಗ್ಗೆ, ಮೊದಲ ಆಟಕ್ಕೆ ಅರ್ಧ ಗಂಟೆ ಇರುವಾಗ. ಪರೀಕ್ಷೆ ಮಾಡಿ ನೋಡಲು ಹೊತ್ತಿರಲಿಲ್ಲ. ದೀಪ ಆರಿಸಿ ಶುರು ಮಾಡಿದಳು. ಗೇಟು ಬಂತು. ಕೈ ಬಂತು. ಚಿಲಕ ಎದ್ದಿತು. ಗೇಟು ತೆರೆಯಿತು, ಆದರೆ ಒಳಗಿಂದ ಬೆಳಕು ಬರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಗಂಟೆ ಬಾರಿಸಿತು. ಐದನೆಯದು ಬರಲಿಲ್ಲ. ಪರದೆ ಪೂರ್ತಿ ಕಪ್ಪು. ಸದ್ದಿಲ್ಲ.

ಯಂತ್ರದ ದೀಪ ಹೋಯಿತೇ? ಫೈಲು ಕೆಟ್ಟಿತೇ? ಯಾರಾದರೂ ಕೈಯಾಡಿಸಿದರೇ? ಆಟ ನಿಲ್ಲಿಸಿ ಹಾಲಿನ ಲೈಟು ಹಾಕಿದಳು. ಶಿಳ್ಳೆಯ ಸುರಿಮಳೆ. ಮತ್ತೆ ಮೊದಲಿಂದ ಹಾಕಿದಳು. ಮತ್ತೆ ಅದೇ ಜಾಗದಲ್ಲಿ ಅದೇ ಕಪ್ಪು. ಮತ್ತೆ ನಿಲ್ಲಿಸಿದಳು. ಮ್ಯಾನೇಜರ್ ಹನ್ನೊಂದು ಮೆಟ್ಟಿಲನ್ನು ನಾಲ್ಕೇ ಹೆಜ್ಜೆಯಲ್ಲಿ ಹತ್ತಿ ಬಂದು ವಿತರಕರಿಗೆ ಫೋನು ಹಚ್ಚಿದ. ಆಕಡೆಯ ನಗು ಕ್ಯಾಬಿನ್ನಿಗೆಲ್ಲ ಕೇಳಿಸಿತು.

"ಅದು ಹಾಗೇ ಇರೋದಂತೆ!" ಎಂದು ಕಿರುಚಿದ ಮ್ಯಾನೇಜರ್. "ಬೇಕು ಅಂತಲೇ ಮಾಡಿರೋದಂತೆ! ಏಳು ಸೆಕೆಂಡು ಕತ್ತಲು, ಆಮೇಲೆ ಸಿನಿಮಾ. ನೋಡಿ ಅಕ್ಕಾ, ನಿಮ್ಮ ಅನುಮಾನದಿಂದ ಇನ್ನೂರು ಜನರ ಮುಂದೆ ನನ್ನ ಮಾನ ಹೋಯ್ತು. ಇನ್ಮೇಲೆ ನನ್ನ ಕೇಳದೆ ಆಟ ನಿಲ್ಲಿಸೋ ಹಾಗಿಲ್ಲ. ಬಟನ್ ಒತ್ತಿ, ಕೈ ಕಟ್ಕೊಂಡು ಕೂತ್ಕೊಳಿ."

ಅವಳು ಕೈ ಕಟ್ಟಿ ಕೂತಳು. ಕಣ್ಣನ್ನು ಯಾರು ಕಟ್ಟುತ್ತಾರೆ?

ಮೂರನೆಯ ಸಲ ಹಾಕಿದಾಗ ಕಿಂಡಿಯಿಂದ ತಲೆಗಳನ್ನು ನೋಡಿದಳು. ನಗುತ್ತಿದ್ದವರು ನಗುತ್ತಲೇ ಇದ್ದರು. ಆದರೆ ಮಧ್ಯಾಹ್ನದ ಆಟಕ್ಕೆ ಬಂದ ಹೊಸ ಜನಕ್ಕೆ ಏನೂ ಗೊತ್ತಿರಲಿಲ್ಲ. ಪೊಟ್ಟಣದ ಪರಪರ ನಾಲ್ಕನೆಯ ಗಂಟೆಯವರೆಗೂ ಇತ್ತು. ಐದನೆಯದು ಬರದಿದ್ದಾಗ ಬಾಯಿಗೆ ಹೋಗುತ್ತಿದ್ದ ಕೈಗಳು ಅರ್ಧದಲ್ಲೇ ನಿಂತವು. ಯಾರಿಗೂ ಏನು ತಪ್ಪಿದೆ ಎಂದು ಹೇಳಲು ಬರುತ್ತಿರಲಿಲ್ಲ, ಏನೋ ತಪ್ಪಿದೆ ಎಂಬುದು ಮಾತ್ರ ಕುತ್ತಿಗೆಗಳಿಗೆ ಗೊತ್ತಾಗಿತ್ತು. ಒಬ್ಬ ತಿರುಗಿ ಕ್ಯಾಬಿನ್ನಿನ ಕಡೆ ನೋಡಿದ. ಹೆಂಗಸೊಬ್ಬಳು ಪಕ್ಕದವಳ ತೋಳು ಹಿಡಿದಳು. ಏಳನೆಯ ಸೆಕೆಂಡಿಗೆ ಹಿಂಬದಿಯ ಸ್ಪೀಕರಿನಿಂದ ಒಂದೇ ಒಂದು ಉಸಿರು, ಯಾರೋ ಬೆನ್ನ ಹಿಂದೆ ನಿಂತ ಹಾಗೆ. ಇಡೀ ಹಾಲು ಒಂದೇ ಮೈಯಂತೆ ಮುದುಡಿತು. ಆಮೇಲೆ ಪರದೆಯಲ್ಲಿ ಕಂಡದ್ದು ಬಟ್ಟೆ ಒಣಹಾಕಿದ ಒಂದು ಸಾದಾ ಹಿತ್ತಲು. ಜನ ಆ ಹಿತ್ತಲಿಗೂ ಹೆದರಿದರು.

ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದಳು. "ತಮ್ಮ ಗೇಟನ್ನ ತಾವೇ ಯಾಕ್ರೀ ಕೆಡಿಸ್ಕೋತಾರೆ? ಇದರಲ್ಲಿ ಏನೋ ಇದೆ."

"ಹೆದರಿಸೋಕೆ ಕಣೇ. ಇನ್ನೇನಿರುತ್ತೆ?"

"ಹೆದರಿಸೋಕೆ ದೆವ್ವ ಇದೆಯಲ್ಲ. ಗೇಟು ಯಾಕೆ?"

ಗಂಡ ಅನ್ನ ಕಲೆಸುತ್ತಾ ಹೇಳಿದ. "ನೋಡು, ನನ್ನ ಬಸ್ಸಲ್ಲಿ ಯಾವನೋ ಹುಚ್ಚ ಕೂಗಾಡಿದ್ರೆ ಜನ ನಗ್ತಾರೆ. ಅದೇ ಡ್ರೈವರ್ ಏನೂ ಹೇಳದೆ ಒಂದು ಸ್ಟಾಪಲ್ಲಿ ನಿಲ್ಲಿಸದೆ ಹೋಗಿಬಿಟ್ರೆ? ಯಾರೂ ಉಸಿರೆತ್ತಲ್ಲ. ಎಲ್ಲರೂ ಕಂಬಿ ಹಿಡ್ಕೊಳ್ತಾರೆ."

ಆ ಮಾತು ಅವಳ ತಲೆಯಲ್ಲಿ ಕೂತಿತು. ಗಂಡ ಅಷ್ಟು ಜಾಣತನದ ಮಾತಾಡಿದ್ದೂ ಸ್ವಲ್ಪ ಅನುಮಾನಕ್ಕೆ ಎಡೆ ಮಾಡಿತು.

ನಾಲ್ಕು ದಿನ, ಹದಿನಾರು ಆಟ, ಅವಳು ಆ ಏಳು ಸೆಕೆಂಡನ್ನು ಎಣಿಸಿದಳು. ಹಿಂದೆ ತೋರಿಸಿದ ದೆವ್ವದ ಸಿನಿಮಾಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದಳು. ಶುರುವಿನಲ್ಲೇ ಕಿಟಾರನೆ ಕಿರುಚುವ ಸಿನಿಮಾಗಳಿಗೆ ಜನ ಒಮ್ಮೆ ಬೆಚ್ಚಿ, ಆಮೇಲೆ ತಮ್ಮನ್ನೇ ನೋಡಿ ನಕ್ಕು, ಹಾಯಾಗಿ ಕೂರುತ್ತಿದ್ದರು. ಖಾಲಿ ಮೊಗಸಾಲೆಯ ಮೇಲೆ ಹೆಸರುಗಳು ನಿಧಾನ ಸರಿಯುವಂಥವಕ್ಕೆ ಮುಂದೆ ಬಾಗಿ ಕೂರುತ್ತಿದ್ದರು. ಹೆಸರು ಓದುವ ನೆಪದಲ್ಲಿ ಹೆಸರಿನ ಹಿಂದಿನ ಕತ್ತಲನ್ನು ಹುಡುಕುತ್ತಿದ್ದರು. ಆದರೆ ಲೋಗೋಗೇ ಕೈ ಹಾಕಿದ್ದನ್ನು ಅವಳು ಕಂಡದ್ದು ಇದೇ ಮೊದಲು. ಸಿನಿಮಾದೊಳಗಿನ ದೆವ್ವ ಸಿನಿಮಾದೊಳಗೇ ಇರುತ್ತದೆ. ಇದು ಹಾಗಲ್ಲ. ಸಿನಿಮಾ ಮಾಡಿದ ಮನೆಯವರೇ ಮನೆಯಲ್ಲಿಲ್ಲ ಎಂದು ಹೇಳಿದ ಹಾಗೆ.

ಮಂಗಳವಾರ ಮಧ್ಯಾಹ್ನದ ಆಟಕ್ಕೆ ಮುಂಚೆ ಒಬ್ಬಳು ತೆಳ್ಳಗಿನ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ದಪ್ಪ ಕನ್ನಡಕ, ಹೆಗಲಲ್ಲಿ ಬಟ್ಟೆ ಚೀಲ. "ನಾನು ಈ ಸಿನಿಮಾದ ಡೈರೆಕ್ಟರ್. ಇಲ್ಲಿಂದ ಜನರನ್ನ ನೋಡ್ಬಹುದಾ?"

ಕ್ಯಾಬಿನಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ. ಫೋನಿನಲ್ಲಿ ಪೋಸ್ಟರಿನ ಪಕ್ಕ ನಿಂತ ಅವಳ ಫೋಟೋ ತೋರಿಸಿದ ಮೇಲೆಯೇ ಸ್ಟೂಲು ಕೊಟ್ಟಳು.

"ಮೊದಲನೇ ದಿನ ಎರಡು ಸಲ ನಿಲ್ಲಿಸಿದ್ದು ನೀವೇ ಅಂತೆ?"

"ಹೌದು. ಬೈಯೋಕೆ ಬಂದ್ರಾ?"

ಹುಡುಗಿ ಎರಡೂ ಕೈ ಜೋಡಿಸಿದಳು. "ನಮಸ್ಕಾರ ಮಾಡೋಕೆ ಬಂದೆ ಅಕ್ಕ. ಇಪ್ಪತ್ತೊಂಬತ್ತು ವರ್ಷದ ಆಪರೇಟರನ್ನೇ ನಂಬಿಸಿದ್ದೀವಿ ಅಂದ್ರೆ ನನಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಡ. ಆ ಗೇಟಿಗಾಗಿ ಕಂಪನಿ ಯಜಮಾನರ ಹತ್ರ ಮೂರು ತಿಂಗಳು ಜಗಳ ಆಡಿದ್ದೀನಿ. 'ಅದು ನಮ್ಮ ತಾತ ಮಾಡಿಸಿದ್ದು, ಸಿನಿಮಾದಲ್ಲಿ ಏನಾದ್ರೂ ಮಾಡ್ಕೊ, ಗೇಟು ಮುಟ್ಬೇಡ' ಅಂದ್ರು ಅವರು."

"ಮುಟ್ಟಿದ್ದು ಯಾಕೆ?"

"ಜನ ಟಿಕೆಟ್ ತಗೊಂಡಾಗಲೇ ಹೆದರೋಕೆ ತಯಾರಾಗಿ ಬಂದಿರ್ತಾರೆ. ಬಾಗಿಲು, ಕನ್ನಡಿ, ಮಂಚದ ಕೆಳಗೆ, ಎಲ್ಲಾ ಕಡೆ ಕಾವಲು ಕೂತಿರುತ್ತೆ. ಕಾವಲಿಲ್ಲದ ಜಾಗ ಒಂದೇ, ಲೋಗೋ. ಅದು ಸಿನಿಮಾನೇ ಅಲ್ಲ ಅಂದ್ಕೊಂಡಿರ್ತಾರೆ. ಅಲ್ಲೇ ನುಗ್ಗಿಬಿಟ್ರೆ ಆಮೇಲೆ ಅವರಿಗೆ ಎಲ್ಲೂ ಒರಗೋಕೆ ಗೋಡೆ ಸಿಗಲ್ಲ."

ಕ್ಯಾಬಿನಕ್ಕ ತಲೆಯಾಡಿಸಿದಳು. ಮಾತು ಸರಿಯಾಗಿಯೇ ಇತ್ತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಒಂದು ಮಾತು ಹೇಳ್ತೀನಿ ಕಣಮ್ಮಾ, ಬೇಜಾರು ಮಾಡ್ಕೋಬೇಡ. ಇಷ್ಟು ದಿನ ಪರದೆ ಕಪ್ಪಾದ್ರೆ ಏನೋ ಕೆಟ್ಟಿದೆ ಅಂತ ಜನಕ್ಕೆ ಗೊತ್ತಾಗ್ತಿತ್ತು. ಈಗ ಅದೂ ಆಟಾನೇ ಅಂದ್ಕೋತಾರೆ. ನಾಳೆ ನಿಜವಾಗಿ ಕೆಟ್ರೆ ಯಾರು ನಂಬ್ತಾರೆ?"

ಹುಡುಗಿ ನಕ್ಕಳು. ಆಟದ ಹೊತ್ತಾಗಿತ್ತು.

ಗೇಟು ತೆರೆಯಿತು. ನಾಲ್ಕು ಗಂಟೆ. ಕಪ್ಪು. ಕ್ಯಾಬಿನಕ್ಕ ಎಂದಿನಂತೆ ಎಣಿಸತೊಡಗಿದಳು. ನಾಲ್ಕನೆಯ ಸೆಕೆಂಡಿಗೆ ಎಡಗಡೆಯಿಂದ ಏನೋ ಕೇಳಿಸಿತು. ಒಣಗಿದ ಎಲೆ ತುಳಿದಂತೆ.

"ಇದು ನಿಮ್ದಾ?"

"ಯಾವುದು?"

"ಈ ಚಿಟಿಚಿಟಿ."

ಹುಡುಗಿ ಕಿಂಡಿಗೆ ಕಿವಿ ಕೊಟ್ಟಳು. ಉಸಿರಿನ ಸದ್ದು ಬಂದು ಹೋಯಿತು, ಹಿತ್ತಲು ಬಂತು. ಚಿಟಿಚಿಟಿ ನಿಲ್ಲಲಿಲ್ಲ. "ನಮ್ಮದಲ್ಲ," ಎಂದಳು. "ಆದ್ರೆ ಚೆನ್ನಾಗಿದೆ."

ಕ್ಯಾಬಿನಕ್ಕ ಕಿಂಡಿಯ ಗಾಜು ಸರಿಸಿ ಮೂಗು ಹೊರಗಿಟ್ಟಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಎಡಗೋಡೆಯ ಸ್ಪೀಕರುಗಳ ಸ್ವಿಚ್ಚು ಆರಿಸಿದಳು. ಆದರೂ ಚಿಟಿಚಿಟಿ ಹಾಗೇ ಇತ್ತು. ಅಂದರೆ ಅದು ಕರೆಂಟಿನ ಸದ್ದಲ್ಲ, ಕಟ್ಟಿಗೆಯದು.

ಮ್ಯಾನೇಜರನ ಅಪ್ಪಣೆ ಅವಳಿಗೆ ನೆನಪಾಯಿತು. ನೆನಪಾಗುವಷ್ಟರಲ್ಲಿ ಕೈ ಆಟ ನಿಲ್ಲಿಸಿಯಾಗಿತ್ತು. ಅಗ್ನಿಶಾಮಕದವರಿಗೆ ಫೋನು ಮಾಡುವಂತೆ ಹುಡುಗಿಗೆ ಹೇಳಿ, ಲೈಟು ಹಾಕಿ ಮೈಕು ಹಿಡಿದಳು. "ಎಲ್ಲರೂ ಎದ್ದು ಹೊರಗೆ ಹೋಗಿ. ಗೋಡೆಯೊಳಗೆ ವೈರು ಸುಡ್ತಿದೆ. ದಯವಿಟ್ಟು ಏಳಿ."

ಹಾಲಿನ ತುಂಬ ಚಪ್ಪಾಳೆ. ಮೊದಲ ದಿನದ ಕತೆ ಊರೆಲ್ಲ ಹರಡಿತ್ತು. ಈ ಥಿಯೇಟರಿನಲ್ಲಿ ಆಪರೇಟರೂ ಸೇರಿ ಹೆದರಿಸುತ್ತಾರೆ ಎಂದು ಬಣ್ಣ ಕಟ್ಟಿಕೊಂಡೇ ಅದು ಹರಡಿತ್ತು. "ಶುರುವಾಯ್ತು ನೋಡ್ರೋ!" ಎಂದು ಯಾರೋ ಕೂಗಿದರು. ಎಡಗೋಡೆಗೆ ಆತು ಕೂತಿದ್ದ ತಾಯಿಯೊಬ್ಬಳು ಮಗಳಿಗೆ ಸಮಾಧಾನ ಹೇಳುತ್ತಿದ್ದಳು: "ಹೆದರ್ಬೇಡ ಪುಟ್ಟಿ, ಇದೂ ಸಿನಿಮಾನೇ." ಅವಳ ತಲೆಯ ಮೇಲ್ಗಡೆ ಗೋಡೆಯ ಕೆಂಪು ಬಟ್ಟೆ ಒಂದು ಅಂಗೈಯಗಲ ಕಪ್ಪಗಾಗುತ್ತಿತ್ತು.

ಕ್ಯಾಬಿನಕ್ಕ ಮೈಕಿನಲ್ಲಿ ಇನ್ನೊಮ್ಮೆ ಕೂಗಿದಳು. ಇನ್ನಷ್ಟು ಚಪ್ಪಾಳೆ. ಬೆಂಕಿ ಬೆಂಕಿ ಎಂದು ಕಿರುಚಬಹುದಿತ್ತು. ನಂಬದಿದ್ದರೆ ನಗುತ್ತಾರೆ, ನಂಬಿದರೆ ಎರಡು ಬಾಗಿಲಿಗೆ ಇನ್ನೂರು ಜನ ಒಟ್ಟಿಗೆ ನುಗ್ಗುತ್ತಾರೆ. ಎರಡೂ ಬೇಡ. ಈ ಜನ ಪ್ರಶ್ನೆ ಕೇಳದೆ ನಂಬುವುದು ಯಾವುದನ್ನು? ಯಾವುದನ್ನು ಕಂಡರೆ ಕಾಲು ತಾನಾಗಿ ಏಳುತ್ತದೆ?

ಅವಳು ಲೈಟನ್ನು ಅರ್ಧಕ್ಕಿಳಿಸಿ, ಇಂಟರ್‌ವಲ್ ಸ್ಲೈಡು ಹಾಕಿದಳು.

ಪರದೆಯ ತುಂಬ ಹಳದಿ ಅಕ್ಷರದಲ್ಲಿ "ವಿಶ್ರಾಂತಿ". ಪಕ್ಕದಲ್ಲಿ ಹಬೆಯಾಡುವ ಕಪ್ಪಿನ ಚಿತ್ರ. ಜೊತೆಗೆ ಇಪ್ಪತ್ತು ವರ್ಷದಿಂದ ಬದಲಾಗದ, ಅಲ್ಲಲ್ಲಿ ಸವೆದ ಆ ಸಂಗೀತ. ಆ ಸಂಗೀತ ಕಿವಿಗೆ ಬಿದ್ದದ್ದೇ ತಡ, ಬಾಗಿಲು ಕಾಯುವವರಿಬ್ಬರೂ ಯೋಚನೆಯನ್ನೇ ಮಾಡದೆ ಅಭ್ಯಾಸಬಲದಿಂದ ಬಾಗಿಲುಗಳನ್ನು ಹಾರು ಹೊಡೆದರು. ಜನ ಗೊಣಗುತ್ತಾ ಎದ್ದರು. "ಇಷ್ಟು ಬೇಗ ಇಂಟರ್‌ವಲ್ಲಾ? ಏನು ದರಿದ್ರ ಥಿಯೇಟರೋ!" ಮೈ ಮುರಿದರು, ಚೀಲ ಎತ್ತಿಕೊಂಡರು, ಸಾಲಾಗಿ ಹೊರಟರು. ಬಂದ ಐದೇ ನಿಮಿಷಕ್ಕೆ ಶೌಚಾಲಯದ ಮುಂದೆ ಸಾಲು ನಿಂತದ್ದನ್ನು ಕ್ಯಾಬಿನಕ್ಕ ಇಂದಿಗೂ ನಂಬಲಾರದೆ ಹೇಳುತ್ತಾಳೆ. ಪುಟ್ಟಿಯ ಕೈ ಹಿಡಿದು ತಾಯಿಯೂ ಹೋದಳು. ಹುಡುಗಿ ಕೆಳಗೋಡಿ, ಏಳಲು ಬೇಸರಪಟ್ಟು ಫೋನು ನೋಡುತ್ತಿದ್ದವರನ್ನೂ, ಬಾಯಿ ತೆರೆದು ನಿದ್ದೆ ಹೋಗಿದ್ದ ಒಬ್ಬ ಮುದುಕನನ್ನೂ ಎಬ್ಬಿಸಿ ತಳ್ಳಿಕೊಂಡು ಬಂದಳು. ಮ್ಯಾನೇಜರ್ ಬೈಯುವುದಕ್ಕೆಂದು ಹಾಲಿನೊಳಗೆ ಬಂದವನು ಎಡಗೋಡೆ ನೋಡಿ, ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಹಿಂದಕ್ಕೆ ಓಡಿದ.

ಅವಳು ಮೇನ್ ಸ್ವಿಚ್ಚು ಆರಿಸಿ ಮೆಟ್ಟಿಲಿಳಿಯುವಾಗ ಹಲಗೆ ಸಿಡಿದು ಹೊಗೆ ಹೊರಗೆ ಉರುಳಿತು. ಆಗಲೇ ಹೊರಗಿದ್ದವರಿಗೆ ನಿಜ ಗೊತ್ತಾದದ್ದು. ಆಗಲೂ ಇಬ್ಬರು ಫೋನು ಎತ್ತಿ ಹಿಡಿದು "ಎಫೆಕ್ಟು ಸೂಪರ್" ಎನ್ನುತ್ತಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಎಡಗೋಡೆ ಮತ್ತು ಎಂಟು ಸಾಲು ಸೀಟು ಸುಟ್ಟು ಹೋದವು.

ಮರುದಿನದ ಪತ್ರಿಕೆಯಲ್ಲಿ ಮ್ಯಾನೇಜರನ ಸಮಯಪ್ರಜ್ಞೆಯಿಂದ ಇನ್ನೂರು ಜೀವ ಉಳಿಯಿತು ಎಂದು ಬಂತು. ಹೆಸರು ಕೊಟ್ಟವನು ಅವನೇ. ಅದೇ ದಿನ ಬಂದು, "ಅಕ್ಕಾ, ನೀವು ನಮ್ಮ ಮನೆಯವರ ಹಾಗೆ" ಎಂದ. ಮನೆಯವರ ಮಾತು ಬಂದ ಕೂಡಲೇ ಅವಳಿಗೆ ಭಾಮೈದ ನೆನಪಾದ; ಅವನನ್ನು ಉಳಿಸಲು ಇವನು ತಪ್ಪನ್ನು ನನ್ನ ಮೇಲೆ ಹೊರಿಸುತ್ತಾನೆ ಅನಿಸಿತು. ಊಹೆ ತಪ್ಪಲಿಲ್ಲ. ತನಿಖೆಗೆ ಬಂದ ಅಧಿಕಾರಿಯ ಮುಂದೆ ಮ್ಯಾನೇಜರ್, ಕ್ಯಾಬಿನ್ನಿನಿಂದಲೇ ಹೆಚ್ಚು ಕರೆಂಟು ಹರಿದಿರಬೇಕು, ಆಪರೇಟರಿಗೆ ವಯಸ್ಸಾಯಿತು ಎಂದು ಮೆಲ್ಲಗೆ ಪೀಠಿಕೆ ಹಾಕುತ್ತಿದ್ದ.

ಕ್ಯಾಬಿನಕ್ಕ ದಿನಚರಿ ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಅಧಿಕಾರಿ ಆ ಸಾಲು ಓದಿದ, ಕೆಳಗಿನ ಸಹಿ ನೋಡಿದ, ಮ್ಯಾನೇಜರನ ಮುಖ ನೋಡಿದ. ಸುಟ್ಟ ಹಲಗೆ ಕೀಳಿಸಿದಾಗ ಒಳಗೆ ತುಂಡು ತುಂಡು ವೈರುಗಳು, ಗಂಟು ಹಾಕಿ ಟೇಪು ಸುತ್ತಿದಂಥವು, ಸಾಲಾಗಿ ಸಿಕ್ಕವು. ಇಡೀ ಸುರುಳಿ ಯಾಕೆ ಉಳಿದಿತ್ತೆಂದು ಆಗ ಎಲ್ಲರಿಗೂ ತಿಳಿಯಿತು. ಭಾಮೈದನ ಮೇಲೆ ಕೇಸಾಯಿತು. ಮ್ಯಾನೇಜರನನ್ನು ಥಿಯೇಟರಿನ ಮಾಲೀಕರು ತೆಗೆದರು. ಐದು ತಿಂಗಳು ಥಿಯೇಟರು ಮುಚ್ಚಿತ್ತು. ತೆರೆದಾಗ ಅವಳು ಎರಡೂ ಗೋಡೆ ಮುಟ್ಟಿ ನೋಡಿಯೇ ಮೆಟ್ಟಿಲು ಹತ್ತಿದ್ದು.

ಆ ಡೈರೆಕ್ಟರ್ ಹುಡುಗಿ ಮಾತ್ರ ಸಂಬಂಧ ಬಿಡಲಿಲ್ಲ. ಆ ದಿನ ರಸ್ತೆಯಲ್ಲಿ ನಿಂತು ಹೊಗೆ ನೋಡುತ್ತಾ, "ಚೆನ್ನಾಗಿದೆ ಅಂದ್ಬಿಟ್ನಲ್ಲ ಅಕ್ಕ, ಚೆನ್ನಾಗಿದೆ ಅಂದ್ಬಿಟ್ನಲ್ಲ" ಎಂದು ಅವಳು ಅತ್ತಿದ್ದಳು. ಈಗ ಹೊಸ ಸಿನಿಮಾ ಮಾಡಿದಾಗೆಲ್ಲ ಬಿಡುಗಡೆಗೆ ಮುಂಚೆ ಮೊದಲ ಎರಡು ನಿಮಿಷವನ್ನು ಕ್ಯಾಬಿನಕ್ಕನಿಗೆ ಕಳಿಸುತ್ತಾಳೆ. ಎಲ್ಲಿ ಅನುಮಾನ ಬಂತು, ಎಲ್ಲಿ ಬರಲಿಲ್ಲ, ಅಷ್ಟು ಹೇಳಿದರೆ ಸಾಕು. ಇದರಲ್ಲಿ ಇವಳಿಗೇನು ಲಾಭ ಎಂದು ಕ್ಯಾಬಿನಕ್ಕ ಒಂದು ವಾರ ಯೋಚಿಸಿದಳು. ಉತ್ತರ ಸಿಗದಿದ್ದರೂ ನೋಡಲು ಒಪ್ಪಿಕೊಂಡಳು.

ಕಳೆದ ಸಲ ಬಂದದ್ದನ್ನು ಭಾನುವಾರ ಬೆಳಿಗ್ಗೆ ಗಂಡನನ್ನೂ ಕೂರಿಸಿಕೊಂಡು ನೋಡಿದಳು. ಕತ್ತಲೆಯ ನೀರು, ನೀರಿನ ಮೇಲೆ ತೇಲುವ ಕಂಪನಿಯ ಅಕ್ಷರಗಳು. ಒಂದೊಂದೇ ಅಕ್ಷರವನ್ನು ಕೆಳಗಿಂದ ಏನೋ ಎಳೆದುಕೊಳ್ಳುತ್ತದೆ. ಗಂಡ ಮುಖಕ್ಕೆ ದಿಂಬು ಒತ್ತಿಕೊಂಡ. ಅವಳು ಗಂಡನ ತಲೆಯನ್ನೇ ನೋಡುತ್ತಿದ್ದಳು. ಕೊನೆಯ ಅಕ್ಷರ ಮುಳುಗುವಾಗ ಗುಳುಕ್ ಎಂದು ಒಂದು ಸದ್ದು ಬಂತು; ದಿಂಬಿನ ಹಿಂದೆ ಹೆಗಲು ಸ್ವಲ್ಪ ಕುಲುಕಿತು.

ಫೋನು ಮಾಡಿ ಹೇಳಿದಳು: "ಆ ಗುಳುಕ್ ತೆಗಿ. ಜನ ನಗ್ತಾರೆ."

"ಇಲ್ಲ ಅಕ್ಕ, ಅದಕ್ಕೇ ಹದಿನೈದು ದಿನ ಕೆಲಸ ಮಾಡಿದ್ದೀವಿ. ಯಾರೂ ನಗಲ್ಲ, ನೋಡ್ತಿರಿ."

ಬಿಡುಗಡೆಯ ದಿನ ಕಿಂಡಿಗೆ ಕಣ್ಣಿಟ್ಟು ಕೂತಳು. ಅಕ್ಷರಗಳು ಮುಳುಗುತ್ತಾ ಹೋದಂತೆ ತಲೆಗಳು ಒಂದೊಂದಾಗಿ ನಿಶ್ಚಲವಾದವು. ಗುಳುಕ್ ಎಂದಾಗ ಮುಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅವನ ಹಿಂದೆ ಇಡೀ ಹಾಲು.

ಸಂಜೆ ಹುಡುಗಿಯ ಫೋನು ಬಂತು. "ಎಲ್ಲಾ ಊರಲ್ಲೂ ನಕ್ಕರಂತೆ ಅಕ್ಕ. ಮುಂದಿನ ಸಲ ನೀವು ಹೇಳಿದ ಹಾಗೇ ಕೇಳ್ತೀನಿ, ಖಂಡಿತ."

"ನೋಡೋಣ," ಎಂದಳು ಕ್ಯಾಬಿನಕ್ಕ.